ವಾಲ್ವ್ ತಿರುಗಿಸುವ ಕೈ, ಕಾರ್ಯವಿಧಾನ ಬರೆಯುವ ಕೈ: ಅಪಾಯಕಾರಿ ಸ್ಥಾವರಗಳಲ್ಲಿ ಕಾರ್ಮಿಕರನ್ನು ಸುರಕ್ಷತೆಯಲ್ಲಿ ತೊಡಗಿಸುವುದು ಹೇಗೆ?

ರಾಸಾಯನಿಕ ಸ್ಥಾವರವೊಂದರಲ್ಲಿ ಫಿಲ್ಟರ್ ಬದಲಿಸುವ ಕೆಲಸವನ್ನು ನೋಡಲು ಒಮ್ಮೆ ಹೋಗಿದ್ದೆ. ನನ್ನ ಕೈಯಲ್ಲಿ ಹದಿನೇಳು ಹಂತಗಳ ಕಾರ್ಯವಿಧಾನದ ಪ್ರತಿ. ಮುಂದೆ, ಅದೇ ಕೆಲಸವನ್ನು ಹನ್ನೆರಡು ವರ್ಷಗಳಿಂದ ಮಾಡುತ್ತಿದ್ದ ಆಪರೇಟರ್. ಒಂಬತ್ತನೆಯ ಹಂತದಲ್ಲಿ ಹೀಗಿತ್ತು: ‘ಡ್ರೇನ್ ವಾಲ್ವ್ ನಿಧಾನವಾಗಿ ತೆರೆಯುತ್ತಾ ಒತ್ತಡದ ಗೇಜ್ ಗಮನಿಸಿ; ಸೊನ್ನೆಗೆ ಇಳಿದ ಮೇಲೆ ಮುಚ್ಚಳದ ಬೋಲ್ಟ್‌ಗಳನ್ನು ಸಡಿಲಿಸಿ.’ ವಾಲ್ವ್ ಇದ್ದದ್ದು ಮೊಣಕಾಲಿನ ಎತ್ತರದಲ್ಲಿ. ಗೇಜ್ ಇದ್ದದ್ದು ಏಣಿ ಹತ್ತಿ ಹೋಗಬೇಕಾದ ಅಟ್ಟಣೆಯ ಮೇಲೆ. ಆಪರೇಟರ್ ಏಣಿಯತ್ತ ತಿರುಗಿಯೂ ನೋಡಲಿಲ್ಲ. ಕೈಗವಸು ಕಳಚಿ ಪೈಪಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. “ನಡುಕ ನಿಂತಿತು, ಇನ್ನು ಬಿಚ್ಚಬಹುದು” ಎಂದರು.

ಪೈಪಿನ ನಡುಕ ನಿಂತರೆ ಹರಿವು ನಿಂತಿದೆ ಎಂದಷ್ಟೇ ಅರ್ಥ. ಡ್ರೇನ್ ಕಟ್ಟಿಕೊಂಡಿದ್ದರೂ ಹರಿವು ನಿಲ್ಲುತ್ತದೆ, ಆದರೆ ಒತ್ತಡ ಒಳಗೇ ಉಳಿದಿರುತ್ತದೆ. ಆ ಸ್ಥಿತಿಯಲ್ಲಿ ಬೋಲ್ಟ್ ಸಡಿಲಿಸಿದವರ ಮುಖಕ್ಕೆ ಏನು ಚಿಮ್ಮುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಆ ಕಾಗದದ ಕೆಳಗೆ ನಾಲ್ವರ ಸಹಿ ಇತ್ತು. ನಾಲ್ವರಲ್ಲಿ ಒಬ್ಬರೂ ಆ ವಾಲ್ವ್‌ನ ಮುಂದೆ ಕುಳಿತು ಗೇಜ್ ಕಾಣಿಸುತ್ತದೆಯೇ ಎಂದು ನೋಡಿರಲಿಲ್ಲ. ಅಪಾಯ ಎಲ್ಲಿದೆ ಎಂಬುದು ಕಚೇರಿಯವರಿಗೆ ಗೊತ್ತಿತ್ತು, ಕೆಲಸ ಹೇಗೆ ನಡೆಯುತ್ತದೆ ಎಂಬುದು ಆಪರೇಟರ್‌ಗೆ ಗೊತ್ತಿತ್ತು. ಈ ಎರಡು ತಿಳಿವಳಿಕೆಗಳು ಒಂದೇ ಜಾಗದಲ್ಲಿ ಎಂದೂ ಭೇಟಿಯಾಗಿರಲಿಲ್ಲ. ಅವುಗಳನ್ನು ಭೇಟಿ ಮಾಡಿಸುವ ದಾರಿಯನ್ನು ಹಂತ ಹಂತವಾಗಿ ಹೇಳುವುದಕ್ಕಾಗಿಯೇ ಈ ಮಾರ್ಗದರ್ಶಿ. ರಾಸಾಯನಿಕ ಕಾರ್ಖಾನೆ, ತೈಲ ಸಂಸ್ಕರಣಾಗಾರ, ಅನಿಲ ಸಂಗ್ರಹಾಗಾರ, ಸ್ಫೋಟಕಗಳ ಗೋದಾಮು ಯಾವುದೇ ಇರಲಿ, ಕ್ರಮ ಒಂದೇ.

ಮೊದಲನೆಯದು: ಆಡಳಿತ ಕೊಡಬೇಕಾದ ಮೂರು ಮಾತು

ಕಾರ್ಮಿಕರನ್ನು ಕರೆಯುವ ಮೊದಲು ಸ್ಥಾವರದ ಮುಖ್ಯಸ್ಥರು ಮೂರು ವಿಷಯಗಳಲ್ಲಿ ಬರವಣಿಗೆಯಲ್ಲೇ ಮಾತು ಕೊಡಬೇಕು. ಒಂದು, ‘ಕಾರ್ಯವಿಧಾನದಲ್ಲಿ ಇರುವಂತೆ ನಾವು ಮಾಡುತ್ತಿಲ್ಲ’ ಎಂದು ಹೇಳಿದವರಿಗೆ ಶಿಕ್ಷೆಯಾಗುವುದಿಲ್ಲ. ಎರಡು, ಇದಕ್ಕೆ ಕೊಡುವ ಸಮಯ ಸಂಬಳದ ಸಮಯ. ಪಾಳಿ ಮುಗಿದ ಮೇಲೆ ದಣಿದವರನ್ನು ತಡೆದು ಕೂರಿಸುವಂತಿಲ್ಲ. ಮೂರು, ಪ್ರತಿಯೊಂದು ಸಲಹೆಗೂ ಗೊತ್ತಾದ ದಿನದೊಳಗೆ ಉತ್ತರ ಬರುತ್ತದೆ. ಆಗದು ಎಂಬುದೂ ಉತ್ತರವೇ, ಆದರೆ ಕಾರಣ ಹೇಳಬೇಕು.

ಮೊದಲನೆಯ ಮಾತು ಏಕೆ ಇಷ್ಟು ಮುಖ್ಯ ಎಂಬುದಕ್ಕೆ ಅಮೆರಿಕದ ಟೆಕ್ಸಾಸ್ ಸಿಟಿಯ ಸಂಸ್ಕರಣಾಗಾರದ ದುರಂತವನ್ನು ನೋಡಿ. 2005ರ ಮಾರ್ಚ್ 23ರಂದು ಘಟಕವೊಂದನ್ನು ಮರುಚಾಲನೆ ಮಾಡುವಾಗ ಬಟ್ಟಿ ಇಳಿಸುವ ಗೋಪುರದಲ್ಲಿ ದ್ರವ ಮಿತಿಮೀರಿ ತುಂಬಿ, ಹೊರಗೆ ಉಕ್ಕಿ, ಆವಿ ಹೊತ್ತಿಕೊಂಡು ಸ್ಫೋಟಿಸಿತು. 15 ಜನ ಸತ್ತರು, 180 ಜನ ಗಾಯಗೊಂಡರು. ದ್ರವದ ಮಟ್ಟವನ್ನು ಕಾರ್ಯವಿಧಾನ ಹೇಳಿದ್ದಕ್ಕಿಂತ ಮೇಲೆ ಇಟ್ಟದ್ದು ಆ ಒಂದು ದಿನದ ಉಡಾಫೆಯಲ್ಲ. ಹಿಂದಿನ ಹೆಚ್ಚಿನ ಮರುಚಾಲನೆಗಳಲ್ಲೂ ಹಾಗೆಯೇ ಆಗಿತ್ತು ಎಂದು ತನಿಖೆ ತೋರಿಸಿತು. ಮಟ್ಟ ತೀರಾ ಇಳಿದರೆ ಉಪಕರಣ ಕೆಡುತ್ತದೆ ಎಂಬ ಭಯ ಆಪರೇಟರ್‌ಗಳಿಗಿತ್ತು. ಅಂದರೆ ಕಾಗದದ ಮಾತು ಒಂದು, ನಡೆಯುತ್ತಿದ್ದುದು ಇನ್ನೊಂದು, ಮತ್ತು ಈ ಅಂತರಕ್ಕೆ ಅವರ ಮಟ್ಟಿಗೆ ಸಕಾರಣವಿತ್ತು. ವರ್ಷಗಳ ಕಾಲ ಆ ಅಂತರವನ್ನು ಯಾರಾದರೂ ಕೂತು ಕೇಳಿ, ಕಾಗದವನ್ನೋ ಉಪಕರಣವನ್ನೋ ತಿದ್ದಿದ್ದರೆ ಎಂದು ಪ್ರತಿ ಬಾರಿ ಓದಿದಾಗಲೂ ನನಗೆ ಹೊಟ್ಟೆ ಕಿವುಚಿದಂತಾಗುತ್ತದೆ.

ಇಲ್ಲೇ ಇನ್ನೊಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಡಿ. ಐಎಸ್‌ಒ 45001 ಎಂಬ 2018ರ ಅಂತರರಾಷ್ಟ್ರೀಯ ಮಾನದಂಡ ಸಮಾಲೋಚನೆ ಮತ್ತು ಪಾಲ್ಗೊಳ್ಳುವಿಕೆ ಎಂಬ ಎರಡನ್ನು ಬೇರೆ ಬೇರೆ ಮಾಡಿ ಹೇಳುತ್ತದೆ. ತೀರ್ಮಾನಕ್ಕೆ ಮೊದಲು ಅಭಿಪ್ರಾಯ ಕೇಳುವುದು ಸಮಾಲೋಚನೆ. ತೀರ್ಮಾನದಲ್ಲೇ ಕೈಜೋಡಿಸುವುದು ಪಾಲ್ಗೊಳ್ಳುವಿಕೆ. ಸಿದ್ಧವಾದ ಕಾಗದವನ್ನು ಮುಂದಿಟ್ಟು ‘ಓದಿ ಸಹಿ ಹಾಕಿ’ ಎನ್ನುವುದು ಎರಡೂ ಅಲ್ಲ.

ಎರಡನೆಯದು: ಯಾವ ಕೆಲಸದಿಂದ ಶುರು ಮಾಡುವುದು

ಸ್ಥಾವರದಲ್ಲಿ ಇನ್ನೂರು ಕಾರ್ಯವಿಧಾನಗಳಿದ್ದರೆ ಇನ್ನೂರನ್ನೂ ಒಟ್ಟಿಗೆ ಕೈಗೆತ್ತಿಕೊಳ್ಳಬೇಡಿ. ಮೂರು ಸಾಕು. ಅಪಾಯಕಾರಿ ವಸ್ತುವಿರುವ ಪೈಪ್‌ಲೈನ್ ಬಿಚ್ಚುವುದು, ಟ್ಯಾಂಕರ್‌ಗೆ ತುಂಬಿಸುವುದು ಅಥವಾ ಇಳಿಸುವುದು, ಸುರಕ್ಷತಾ ಸಾಧನವನ್ನು ತಾತ್ಕಾಲಿಕವಾಗಿ ಬಂದ್ ಮಾಡುವುದು, ಘಟಕವನ್ನು ನಿಲ್ಲಿಸಿ ಮತ್ತೆ ಶುರು ಮಾಡುವುದು, ವರ್ಷಕ್ಕೊಮ್ಮೆ ಮಾತ್ರ ಬರುವ ಕೆಲಸ ಇಂಥವುಗಳಿಗೆ ಆದ್ಯತೆ. ಒಬ್ಬರ ಒಂದು ತಪ್ಪು ನೇರವಾಗಿ ಸೋರಿಕೆಗೋ ಬೆಂಕಿಗೋ ದಾರಿಯಾಗುತ್ತದೆಯೇ? ಆ ತಪ್ಪನ್ನು ಹಿಡಿಯುವ ಬೇರೆ ತಡೆ ನಡುವೆ ಏನಾದರೂ ಇದೆಯೇ? ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎಂದು ಬಂದರೆ ಆ ಕೆಲಸ ಪಟ್ಟಿಯ ತಲೆಯಲ್ಲಿರಲಿ.

ಇಂಜಿನಿಯರ್‌ಗಳ ಅಪಾಯ ವಿಶ್ಲೇಷಣೆಯ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಪಟ್ಟಿಯನ್ನು ಇಡಿ. ಪ್ರತಿ ಪಾಳಿಯವರಿಗೂ ಒಂದೇ ಪ್ರಶ್ನೆ ಕೇಳಿ: “ಹೊಸಬರನ್ನು ಒಬ್ಬರನ್ನೇ ಕಳಿಸಲು ನಿಮಗೆ ಮನಸ್ಸು ಬಾರದ ಕೆಲಸ ಯಾವುದು?” ‘ಇಲ್ಲಿ ಅಪಾಯ ಏನಿದೆ’ ಎಂದು ಕೇಳಿದರೆ ತರಬೇತಿಯಲ್ಲಿ ಕಲಿತ ಉತ್ತರ ಬರುತ್ತದೆ. ಈ ಪ್ರಶ್ನೆಗೆ ಅನುಭವದ ಉತ್ತರ ಬರುತ್ತದೆ. ಎರಡೂ ಪಟ್ಟಿಗಳಲ್ಲಿ ಇರುವ ಕೆಲಸದಿಂದ ಆರಂಭಿಸಿ. ಕಾರ್ಮಿಕರ ಪಟ್ಟಿಯಲ್ಲಿ ಮಾತ್ರ ಇರುವುದನ್ನು ಬದಿಗೆ ತಳ್ಳಬೇಡಿ. ವಿಶ್ಲೇಷಣೆಯ ಕಣ್ಣು ತಪ್ಪಿಸಿಕೊಂಡದ್ದು ಅಲ್ಲೇ ಇರುತ್ತದೆ.

ಮೂರನೆಯದು: ತಂಡ

ಐದಾರು ಜನ ಸಾಕು. ಬೇರೆ ಬೇರೆ ಪಾಳಿಯ ಇಬ್ಬರು ಆಪರೇಟರ್‌ಗಳು, ನಿರ್ವಹಣಾ ವಿಭಾಗದ ಒಬ್ಬ ಫಿಟ್ಟರ್, ಪ್ರಕ್ರಿಯೆ ಬಲ್ಲ ಒಬ್ಬ ಇಂಜಿನಿಯರ್, ಕೆಲಸಕ್ಕೆ ಸೇರಿ ವರ್ಷ ತುಂಬದ ಒಬ್ಬರು. ಹೊಸಬರು ಕೇಳುವ ‘ಇದೇಕೆ ಹೀಗೆ?’ ಎಂಬ ಪ್ರಶ್ನೆಗೆ ಹಳಬರು ತಡವರಿಸಿದ ಕಡೆ ನಿಂತು ನೋಡಿ. ಗುತ್ತಿಗೆ ಕಾರ್ಮಿಕರು ಮಾಡುವ ಕೆಲಸವಾದರೆ ಅವರಲ್ಲೊಬ್ಬರು ತಂಡದಲ್ಲಿ ಇರಲೇಬೇಕು, ಅವರ ಮೇಸ್ತ್ರಿ ಬಂದರೆ ಸಾಲದು. ತಂಡ ನಡೆಸುವವರು ಆ ಪಾಳಿಯ ಮೇಲಧಿಕಾರಿ ಆಗಿರಬಾರದು. ರಜೆ ಮಂಜೂರು ಮಾಡುವವರ ಎದುರು ‘ನಾನು ಎಂಟನೆಯ ಹಂತ ಬಿಟ್ಟುಬಿಡುತ್ತೇನೆ’ ಎಂದು ಯಾರೂ ಹೇಳುವುದಿಲ್ಲ.

ನಾಲ್ಕನೆಯದು: ಕಾಗದ ಹಿಡಿದು ನಡೆಯುವುದು

ಇಡೀ ಪ್ರಯತ್ನದ ಜೀವಾಳ ಈ ಹಂತ. ಸಭಾಂಗಣದಲ್ಲಿ ಇದನ್ನು ಮಾಡಲು ಬರುವುದಿಲ್ಲ. ಕಾರ್ಯವಿಧಾನದ ಪ್ರತಿ ಹಿಡಿದು ಆಪರೇಟರ್ ಜೊತೆ ಕೆಲಸದ ಜಾಗಕ್ಕೇ ಹೋಗಿ. ಕೆಲಸ ನಡೆಯುತ್ತಿರುವಾಗ ಪ್ರಶ್ನೆ ಕೇಳಿ ಗಮನ ಕೆಡಿಸಬಾರದು; ಕೆಲಸವಿಲ್ಲದ ಹೊತ್ತಿನಲ್ಲಿ, ಕೈಯಿಂದ ತೋರಿಸುತ್ತಾ ಬಾಯಿಂದ ಹೇಳುತ್ತಾ ಸಾಗಿ. ಬೇರೊಂದು ದಿನ ನಿಜವಾದ ಕೆಲಸವನ್ನು ದೂರ ನಿಂತು ಸುಮ್ಮನೆ ನೋಡಿ. ಎರಡರ ನಡುವಿನ ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಿ.

‘ಕಾರ್ಯವಿಧಾನ ಪಾಲಿಸುತ್ತೀರಾ?’ ಎಂಬ ಪ್ರಶ್ನೆಗೆ ಎಲ್ಲ ಕಡೆಯೂ ಒಂದೇ ಉತ್ತರ, ‘ಹೌದು’. ಅದರ ಬದಲು ಹೀಗೆ ಕೇಳಿ: ಇದರಲ್ಲಿ ಯಾವ ಹಂತ ಕೈಗೆ ಒಗ್ಗುವುದಿಲ್ಲ? ರಾತ್ರಿ ಪಾಳಿಯಲ್ಲಿ, ಮಳೆಯಲ್ಲಿ, ಒಬ್ಬರೇ ಇದ್ದಾಗ ಇದು ಹೇಗೆ ಬದಲಾಗುತ್ತದೆ? ಈ ವಾಲ್ವ್ ಪೂರ್ತಿ ಮುಚ್ಚಿದೆ ಎಂದು ನಿಮಗೆ ಹೇಗೆ ಗೊತ್ತಾಗುತ್ತದೆ? ಕಾಗದದಲ್ಲಿ ಇಲ್ಲದ, ಆದರೆ ನೀವು ತಪ್ಪದೆ ಮಾಡುವ ಕೆಲಸ ಏನಿದೆ? ಕೆಲಸದ ನಡುವೆ ಯಾರಾದರೂ ಕರೆದರೆ ಮರಳಿ ಎಲ್ಲಿಂದ ಶುರು ಮಾಡುತ್ತೀರಿ?

ಕಣ್ಣಿಗೆ ಬೀಳುವ ಸಣ್ಣಪುಟ್ಟ ಗುರುತುಗಳನ್ನೂ ಗಮನಿಸಿ. ಪ್ಯಾನಲ್ ಮೇಲೆ ಪೆನ್ನಿನಿಂದ ಬರೆದ ಸಂಖ್ಯೆ, ಗೇಜ್ ಗಾಜಿನ ಮೇಲೆ ಎಳೆದ ಕೆಂಪು ಗೆರೆ, ವಾಲ್ವ್‌ಗೆ ಕಟ್ಟಿದ ಬಟ್ಟೆಯ ತುಂಡು. ಇವೆಲ್ಲ ಕಾರ್ಮಿಕರು ತಾವೇ ಬರೆದುಕೊಂಡ ಕಾರ್ಯವಿಧಾನ. ತಪಾಸಣೆಯ ಹಿಂದಿನ ದಿನ ಅವನ್ನು ಒರೆಸಿಹಾಕುವುದಕ್ಕಿಂತ ದೊಡ್ಡ ನಷ್ಟವಿಲ್ಲ. ಪ್ರತಿಯೊಂದರ ಫೋಟೊ ತೆಗೆದು, ಅದು ಏಕೆ ಬೇಕಾಯಿತು ಎಂದು ಕೇಳಿ. ಕೆಂಪು ಗೆರೆ ಸರಿಯಾದ ಜಾಗದಲ್ಲಿದ್ದರೆ ಅದನ್ನು ಅಧಿಕೃತ ಗುರುತಾಗಿ ಮಾಡಿ. ತಪ್ಪು ಜಾಗದಲ್ಲಿದ್ದರೆ, ಆ ಪಾಳಿಗೆ ಇಷ್ಟು ದಿನ ಯಾರೂ ಸರಿಯಾದ ಮಿತಿಯನ್ನು ಹೇಳಿರಲಿಲ್ಲ ಎಂಬುದನ್ನು ಬರೆದುಕೊಳ್ಳಿ.

ಫಿಲ್ಟರ್ ಕೆಲಸದಲ್ಲಿ ನಾವು ಹೀಗೆ ನಡೆದಾಗ ಒಂಬತ್ತನೆಯ ಹಂತದ ಜೊತೆ ಇನ್ನೂ ಎರಡು ಹೊರಬಿದ್ದವು. ಅಕ್ಕಪಕ್ಕದ ಎರಡು ಫಿಲ್ಟರ್‌ಗಳ ಡ್ರೇನ್ ವಾಲ್ವ್‌ಗಳು ನೋಡಲು ಒಂದೇ ಥರ, ಫಲಕವಿಲ್ಲ. ಒಮ್ಮೆ ಯಾರೋ ಚಾಲನೆಯಲ್ಲಿದ್ದ ಫಿಲ್ಟರ್‌ನ ಡ್ರೇನ್ ತೆರೆದು ತಕ್ಷಣ ಮುಚ್ಚಿದ್ದರು. ಈ ಸುದ್ದಿ ಪಾಳಿಯ ಎಲ್ಲರಿಗೂ ಗೊತ್ತಿತ್ತು, ಯಾವ ವರದಿಯಲ್ಲೂ ಇರಲಿಲ್ಲ.

ಐದನೆಯದು: ಎಲ್ಲಿ ತಪ್ಪಬಹುದು, ತಡೆ ಏನು

ಪ್ರತಿ ಹಂತದ ಮುಂದೆ ತಂಡ ಕೆಲವು ಪ್ರಶ್ನೆಗಳನ್ನು ಹಾಕಿಕೊಳ್ಳಲಿ. ಈ ಹಂತ ಬಿಟ್ಟುಹೋದರೆ? ಅರ್ಧಕ್ಕೇ ನಿಂತರೆ? ಮೊದಲಿನದು ಆಮೇಲೆ, ಆಮೇಲಿನದು ಮೊದಲು ಆದರೆ? ಪಕ್ಕದ ಉಪಕರಣದ ಮೇಲೆ ಮಾಡಿದರೆ? ಗೇಜ್ ತಪ್ಪು ತೋರಿಸಿದರೆ, ಅಥವಾ ನಾವೇ ತಪ್ಪು ಓದಿದರೆ? ಪರಿಣಾಮ ಗಂಭೀರ ಎನಿಸಿದ ಹಂತಗಳನ್ನು ಮಾತ್ರ ಆರಿಸಿ, ತಪ್ಪಿಗೆ ದಾರಿ ಮಾಡಿಕೊಡುವ ಕಾರಣಗಳನ್ನು ಹುಡುಕಿ: ಬೆಳಕು, ಸದ್ದು, ಅವಸರ, ನಿದ್ರೆಗೆಟ್ಟ ಪಾಳಿ, ಓದಲಾಗದ ಫಲಕ, ಅಲಾರಂಗಳ ಗದ್ದಲ. ಬ್ರಿಟನ್ನಿನ ಮಿಲ್ಫರ್ಡ್ ಹೇವನ್ ಸಂಸ್ಕರಣಾಗಾರದಲ್ಲಿ 1994ರ ಜುಲೈ 24ರಂದು ಸ್ಫೋಟಕ್ಕೆ ಮುಂಚಿನ ಕೊನೆಯ ಹನ್ನೊಂದು ನಿಮಿಷಗಳಲ್ಲಿ ಆಪರೇಟರ್‌ಗಳ ಮುಂದೆ ಬಂದದ್ದು 275 ಅಲಾರಂಗಳು. ಅಂಥ ಹೊತ್ತಿನಲ್ಲಿ ‘ಇನ್ನಷ್ಟು ಎಚ್ಚರದಿಂದಿರಿ’ ಎಂಬ ಮಾತಿಗೆ ಏನು ಬೆಲೆ?

ಪರಿಹಾರ ಹುಡುಕುವಾಗ ಒಂದು ಕ್ರಮವನ್ನು ಬಿಡಬೇಡಿ. ಅಪಾಯದ ಆ ಹಂತವೇ ಬೇಡವಾಗುವಂತೆ ಮಾಡಬಹುದೇ ಎಂದು ಮೊದಲು ನೋಡಿ. ಆಗದಿದ್ದರೆ ಉಪಕರಣವೇ ತಪ್ಪನ್ನು ತಡೆಯಲಿ. ಅದೂ ಆಗದಿದ್ದರೆ ಮಾತ್ರ ಕಾಗದದ ಎಚ್ಚರಿಕೆ, ಎಲ್ಲದರ ಕೊನೆಗೆ ತರಬೇತಿ. ಕಚೇರಿಗಳು ಸಾಮಾನ್ಯವಾಗಿ ಈ ಪಟ್ಟಿಯನ್ನು ತಲೆಕೆಳಗಾಗಿ ಹಿಡಿಯುತ್ತವೆ, ಏಕೆಂದರೆ ಕಾಗದ ಅಗ್ಗ. ನಮ್ಮ ಫಿಲ್ಟರ್ ಬಳಿ ಡ್ರೇನ್ ವಾಲ್ವ್ ಪಕ್ಕದಲ್ಲೇ ಎರಡನೆಯ ಗೇಜ್ ಹಾಕಿಸಿದೆವು. ಗೇಜ್ ಕೆಟ್ಟು ಸೊನ್ನೆಯಲ್ಲೇ ನಿಂತಿದ್ದರೆ ಏನು ಗತಿ ಎಂದು ಕೇಳಿದವರು ಫಿಟ್ಟರ್. ಅವರ ಆ ಒಂದು ಪ್ರಶ್ನೆಯಿಂದ, ಕೆಲಸ ಶುರು ಮಾಡುವಾಗ ಗೇಜ್ ಒತ್ತಡ ತೋರಿಸುತ್ತಿದೆಯೇ ಎಂದು ಮೊದಲೇ ನೋಡಿಕೊಳ್ಳುವ ಹಂತ ಸೇರಿತು.

ಆರನೆಯದು: ಬರೆಯುವುದು

ಕರಡು ಬರೆಯುವುದು ಆಪರೇಟರ್‌ಗಳೇ, ತಿದ್ದುವುದು ಇಂಜಿನಿಯರ್. ಈ ಕ್ರಮ ಉಲ್ಟಾ ಆದರೆ ಹಳೆಯ ಭಾಷೆಯೇ ಮರಳಿ ಬರುತ್ತದೆ. ಒಂದು ಹಂತದಲ್ಲಿ ಒಂದೇ ಕ್ರಿಯೆ ಇರಲಿ, ಕ್ರಿಯಾಪದ ನೇರವಾಗಿರಲಿ. ‘ವಾಲ್ವ್ ಮುಚ್ಚಲ್ಪಟ್ಟಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು’ ಎಂದರೆ ಮುಚ್ಚಬೇಕೋ ನೋಡಬೇಕೋ ಸ್ಪಷ್ಟವಿಲ್ಲ. ‘ವಾಲ್ವ್ ಮುಚ್ಚಿ’ ಒಂದು ಹಂತ. ‘ಹಿಡಿ ಪೈಪಿಗೆ ಅಡ್ಡವಾಗಿದೆಯೇ ನೋಡಿ’ ಇನ್ನೊಂದು ಹಂತ. ಎಚ್ಚರಿಕೆಯ ಮಾತು ಆ ಹಂತಕ್ಕೆ ಮುಂಚೆ ಬರಲಿ, ಆಮೇಲೆ ಬಂದರೆ ಅದನ್ನು ಓದಿ ಮುಗಿಸುವಷ್ಟರಲ್ಲಿ ಕೈ ಕೆಲಸ ಮಾಡಿಬಿಟ್ಟಿರುತ್ತದೆ. ‘ಸೂಕ್ತ ಒತ್ತಡ’, ‘ಅಗತ್ಯವಿದ್ದಲ್ಲಿ’ ಎಂಬ ಪದಗಳ ಜಾಗದಲ್ಲಿ ಸಂಖ್ಯೆ ಮತ್ತು ಏಕಮಾನ ಇರಲಿ. ಕೆಲಸ ಮಾಡುವವರು ಓದುವ ಭಾಷೆಯಲ್ಲೇ ಕಾರ್ಯವಿಧಾನ ಇರಬೇಕು. ವಾಲ್ವ್ ಫಲಕದ ಮೇಲಿನ ಹೆಸರು ಮತ್ತು ಕಾಗದದ ಹೆಸರು ಅಕ್ಷರಶಃ ಒಂದೇ ಇರಬೇಕು. ಪ್ರತಿ ಗಂಭೀರ ಹಂತದ ಕೆಳಗೆ ‘ಏಕೆ’ ಎಂಬುದಕ್ಕೆ ಒಂದು ಸಾಲು ಬರೆಯಿರಿ. ಕಾರಣ ಗೊತ್ತಿಲ್ಲದ ಹಂತವೇ ಮೊದಲು ಬಿಟ್ಟುಹೋಗುವುದು.

ಎಲ್ಲ ಕೆಲಸಕ್ಕೂ ಉದ್ದದ ದಸ್ತಾವೇಜು ಬೇಕಿಲ್ಲ. ದಿನವೂ ಮಾಡುವ, ತಪ್ಪಿದರೂ ದೊಡ್ಡ ಕೇಡಿಲ್ಲದ ಕೆಲಸಕ್ಕೆ ಕೈ ಪಳಗಿದವರ ನೈಪುಣ್ಯ ಸಾಕು. ಆಗಾಗ ಬರುವ, ಗಂಭೀರವಾದ ಕೆಲಸಕ್ಕೆ ಒಂದು ಪುಟದ ಗುರುತುಪಟ್ಟಿ. ಅಪರೂಪದ, ತೊಡಕಿನ, ಅಪಾಯದ ಕೆಲಸಕ್ಕೆ ಪೂರ್ಣ ವಿಧಾನ, ಅದೂ ಒಂದೊಂದು ಹಂತಕ್ಕೂ ಗುರುತು ಹಾಕುತ್ತಾ. ತುರ್ತು ಪರಿಸ್ಥಿತಿಗೆ ಜೇಬಿನಲ್ಲಿ ಇಡಬಹುದಾದ ಗಟ್ಟಿ ಕಾರ್ಡ್.

ಏಳನೆಯದು: ಇನ್ನೊಂದು ಪಾಳಿಯ ಕೈಗೆ ಕೊಟ್ಟು ನೋಡುವುದು

ಬರೆದ ತಂಡ ತಾನೇ ಪರೀಕ್ಷಿಸಿದರೆ ಬಿಟ್ಟುಹೋದದ್ದು ಕಾಣುವುದಿಲ್ಲ. ತಂಡದಲ್ಲಿ ಇಲ್ಲದ ಪಾಳಿಯವರಿಗೆ ಕೊಟ್ಟು, ಬಾಯಿಂದ ಒಂದೂ ವಿವರಣೆ ಕೊಡದೆ ನಡೆಸಿ. ಎಲ್ಲಿ ತಲೆಯೆತ್ತಿ ನಿಮ್ಮ ಮುಖ ನೋಡುತ್ತಾರೋ ಅಲ್ಲಿ ಬರಹ ಸೋತಿದೆ. ಒಪ್ಪಿಗೆ ಸಿಕ್ಕಿದ ದಿನವೇ ಹಳೆಯ ಪ್ರತಿಗಳನ್ನು ಹಿಂದಕ್ಕೆ ಪಡೆಯಿರಿ. ಲಾಕರ್‌ಗಳಲ್ಲಿ, ಪ್ಯಾನಲ್ ಬಾಗಿಲಿನ ಒಳಗೆ, ಮೊಬೈಲ್ ಫೋಟೊಗಳಲ್ಲಿ ಹಳೆಯದು ಉಳಿದಿರುತ್ತದೆ. ಹುಡುಕಿಕೊಡಲು ಕಾರ್ಮಿಕರನ್ನೇ ಕೇಳಿ. ಉಪಕರಣ ಬದಲಿಸುವ ಯಾವುದೇ ಮಂಜೂರಾತಿಯ ಅರ್ಜಿಯಲ್ಲಿ ‘ಯಾವ ಕಾರ್ಯವಿಧಾನ ಬದಲಾಗಬೇಕು, ಯಾರಿಗೆ ತಿಳಿಸಬೇಕು’ ಎಂಬ ಅಂಕಣ ಇರಬೇಕು.

ಎಂಟನೆಯದು: ಸಾಮರ್ಥ್ಯವನ್ನು ಅಳೆಯುವುದು

ಹಾಜರಿ ಪುಸ್ತಕದ ಸಹಿ ಸಾಮರ್ಥ್ಯವಲ್ಲ, ಸೇವಾ ವರ್ಷಗಳೂ ಅಲ್ಲ. ಅಂಗೈಯಿಂದ ಒತ್ತಡ ಅಳೆದ ಆಪರೇಟರ್‌ಗೆ ಹನ್ನೆರಡು ವರ್ಷಗಳ ಅನುಭವವಿತ್ತು, ತರಬೇತಿಯ ಪ್ರಮಾಣಪತ್ರವೂ ಇತ್ತು. ಅವರಿಗೆ ಇಲ್ಲದಿದ್ದುದು, ಡ್ರೇನ್ ಕಟ್ಟಿಕೊಂಡಾಗ ಪೈಪ್ ಹೇಗೆ ವರ್ತಿಸುತ್ತದೆ ಎಂಬ ಒಂದು ತಿಳಿವಳಿಕೆ. ಅದನ್ನು ಹೇಳಿದಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ. ನಂತರ ತಮ್ಮ ಪಾಳಿಯ ಇಬ್ಬರು ಕಿರಿಯರನ್ನು ಕರೆತಂದು, “ನಾನು ಕಲಿಸಿದ್ದು ತಪ್ಪು, ಇನ್ನೊಮ್ಮೆ ಕೇಳಿಸಿಕೊಳ್ಳಿ” ಎಂದರು. ಅಂಥವರೇ ಒಳ್ಳೆಯ ತರಬೇತುದಾರರು.

ಆಸ್ಟ್ರೇಲಿಯಾದ ಲಾಂಗ್‌ಫರ್ಡ್ ಅನಿಲ ಸ್ಥಾವರದಲ್ಲಿ 1998ರ ಸೆಪ್ಟೆಂಬರ್ 25ರಂದು ಇಬ್ಬರು ಸತ್ತು ಎಂಟು ಜನ ಗಾಯಗೊಂಡರು. ತೀರಾ ತಣ್ಣಗಾಗಿ ಪೆಡಸಾಗಿದ್ದ ಉಷ್ಣ ವಿನಿಮಯಕಕ್ಕೆ ಬಿಸಿ ತೈಲ ಹರಿದು ಲೋಹ ಒಡೆದಿತ್ತು. ಆಪರೇಟರ್‌ಗಳಿಗೆ ತರಬೇತಿ ಕೊಟ್ಟಿದ್ದೆವು ಎಂದು ಕಂಪನಿ ವಾದಿಸಿತು. ದುರಂತದ ತನಿಖೆಗೆ ನೇಮಿಸಿದ್ದ ರಾಯಲ್ ಕಮಿಷನ್ ಆ ವಾದವನ್ನು ಒಪ್ಪಲಿಲ್ಲ. ಆ ಅಪಾಯವನ್ನು ಗುರುತಿಸುವಷ್ಟು ತರಬೇತಿ ಅವರಿಗೆ ಸಿಕ್ಕಿರಲಿಲ್ಲ ಎಂದಿತು.

ಆದ್ದರಿಂದ ಮೌಲ್ಯಮಾಪನವನ್ನು ಕೆಲಸದ ಜಾಗದಲ್ಲೇ ಮಾಡಿ. ಆಯ್ದ ಗಂಭೀರ ಹಂತಗಳನ್ನು ಮಾಡಿ ತೋರಿಸಲಿ, ಜೊತೆಗೆ ‘ಹೀಗಾದರೆ ಏನು ಮಾಡುತ್ತೀರಿ’ ಎಂಬ ನಾಲ್ಕಾರು ಪ್ರಶ್ನೆ ಕೇಳಿ: ಗೇಜ್ ಇಳಿಯುತ್ತಲೇ ಇಲ್ಲ, ಏನು ಮಾಡುತ್ತೀರಿ? ಎಲ್ಲಿ ನಿಲ್ಲಿಸುತ್ತೀರಿ, ಯಾರಿಗೆ ಹೇಳುತ್ತೀರಿ? ಪ್ರಶ್ನೆಗಳನ್ನು ಅನುಭವಿ ಆಪರೇಟರ್‌ಗಳೇ ರೂಪಿಸಲಿ, ಏಕೆಂದರೆ ಕೆಲಸ ಎಲ್ಲಿ ಕೈಕೊಡುತ್ತದೆ ಎಂಬುದು ಅವರಿಗೇ ಗೊತ್ತು. ಆದರೆ ಮೌಲ್ಯಮಾಪನ ಮಾಡುವವರನ್ನೂ ಮೊದಲು ಅಳೆಯಿರಿ. ಅಭ್ಯಾಸಬಲದ ತಪ್ಪು ಗುರುವಿನಿಂದ ಶಿಷ್ಯರಿಗೆ ಹಾಗೇ ಇಳಿಯುತ್ತದೆ. ಸಾಲದೆ ಬಂದವರನ್ನು ಅನುತ್ತೀರ್ಣ ಎಂದು ಮುದ್ರೆ ಒತ್ತದೆ, ಏನು ಕಲಿಯಬೇಕೆಂದು ಹೇಳಿ, ಕಲಿಯುವವರೆಗೆ ಆ ಕೆಲಸಕ್ಕೆ ಒಬ್ಬರನ್ನೇ ಕಳಿಸಬೇಡಿ.

ಅಪರೂಪದ ಕೆಲಸಗಳು ಬೇಗ ಮರೆತುಹೋಗುತ್ತವೆ. ಅಮೆರಿಕದ 1992ರ ಪ್ರಕ್ರಿಯಾ ಸುರಕ್ಷತಾ ನಿಯಮ ಕನಿಷ್ಠ ಮೂರು ವರ್ಷಕ್ಕೊಮ್ಮೆ ಮರುತರಬೇತಿ ಬೇಕೆನ್ನುತ್ತದೆ, ಎಷ್ಟು ಬಾರಿ ಎಂಬುದನ್ನು ಕಾರ್ಮಿಕರೊಂದಿಗೆ ಚರ್ಚಿಸಿ ನಿರ್ಧರಿಸಬೇಕೆನ್ನುತ್ತದೆ. ವರ್ಷಕ್ಕೊಮ್ಮೆ ಬರುವ ಮರುಚಾಲನೆಗಾದರೆ ಅದರ ಹಿಂದಿನ ವಾರವೇ ಮೇಜಿನ ಸುತ್ತ ಕುಳಿತು ಇಡೀ ಕ್ರಮದ ತಾಲೀಮು ನಡೆಸುವುದು ನನ್ನ ಸಲಹೆ.

ಒಂಬತ್ತನೆಯದು: ಪಾಳಿ ಬದಲಾವಣೆ ಮತ್ತು ಪರ್ಮಿಟ್

ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ 1988ರ ಜುಲೈ 6ರ ರಾತ್ರಿ 167 ಜನರ ಪ್ರಾಣ ಹೋಯಿತು. ಪಂಪೊಂದರ ಒತ್ತಡ ಬಿಡುಗಡೆಯ ವಾಲ್ವ್ ಅನ್ನು ಹಗಲು ಪಾಳಿ ದುರಸ್ತಿಗೆಂದು ತೆಗೆದಿತ್ತು. ಪಂಪಿನ ನಿರ್ವಹಣೆಗೆ ಒಂದು ಪರ್ಮಿಟ್ (ಕೆಲಸ ಮಾಡಲು ಕೊಡುವ ಲಿಖಿತ ಅನುಮತಿ), ವಾಲ್ವ್‌ಗೆ ಇನ್ನೊಂದು. ವಾಲ್ವ್ ಇಲ್ಲದ ಸಂಗತಿ ರಾತ್ರಿ ಪಾಳಿಗೆ ತಲುಪಲಿಲ್ಲ. ಎರಡನೆಯ ಪಂಪ್ ನಿಂತಾಗ ಅವರು ವಾಲ್ವ್ ತೆಗೆದಿದ್ದ ಮೊದಲನೆಯ ಪಂಪನ್ನೇ ಚಾಲೂ ಮಾಡಿದರು.

ಹಾಗಾಗಿ ತಂಡದ ಮುಂದಿನ ಕೆಲಸ ಪಾಳಿ ಹಸ್ತಾಂತರದ ಪುಸ್ತಕವನ್ನು ಮರುರೂಪಿಸುವುದು. ಅರ್ಧಕ್ಕೆ ನಿಂತ ಕೆಲಸ, ಬಂದ್ ಮಾಡಿರುವ ಸುರಕ್ಷತಾ ಸಾಧನ, ತೆರೆದಿರುವ ಪರ್ಮಿಟ್ ಈ ಮೂರಕ್ಕೆ ಮೀಸಲು ಜಾಗ ಇರಲಿ. ಪುಸ್ತಕ ನೋಡಿ ಹೊರಡುವುದು ಸಾಲದು, ಎರಡೂ ಪಾಳಿಯವರು ಎದುರುಬದುರು ಮಾತನಾಡಬೇಕು. ಅದಕ್ಕೆ ಬೇಕಾದ ಹದಿನೈದು ನಿಮಿಷಗಳಿಗೂ ಸಂಬಳ ಕೊಡಬೇಕು. ಬರುವ ಪಾಳಿಯವರು ಕೇಳಿದ್ದನ್ನು ತಮ್ಮ ಮಾತಿನಲ್ಲಿ ಮರಳಿ ಹೇಳುವ ಪದ್ಧತಿ ಬಹಳ ಒಳ್ಳೆಯದು.

ಹತ್ತನೆಯದು: ಬೆಂಕಿ ಆರದಂತೆ ನೋಡಿಕೊಳ್ಳುವುದು

ಪ್ರತಿ ಕಂಟ್ರೋಲ್ ರೂಮಿನಲ್ಲಿ ಕಾರ್ಯವಿಧಾನದ ಒಂದು ಪ್ರತಿ, ಪಕ್ಕದಲ್ಲಿ ದಾರ ಕಟ್ಟಿದ ಕೆಂಪು ಪೆನ್ನು. ತಪ್ಪು ಕಂಡವರು ಅಲ್ಲೇ ಗುರುತು ಹಾಕಲಿ. ಆದರೆ ಪೆನ್ನಿನ ಗುರುತು ಆದೇಶವಲ್ಲ. ಪಾಳಿ ಮೇಲ್ವಿಚಾರಕರು ಮತ್ತು ಇಂಜಿನಿಯರ್ ನೋಡಿ ಒಪ್ಪುವವರೆಗೆ ಆ ಹಂತದಲ್ಲಿ ಕೆಲಸ ನಿಲ್ಲಬೇಕು. ಬಂದ ಸಲಹೆ, ಅದರ ಸ್ಥಿತಿ, ಉತ್ತರದ ದಿನಾಂಕ ಎಲ್ಲರಿಗೂ ಕಾಣುವ ಫಲಕದ ಮೇಲಿರಲಿ. ಉತ್ತರವಿಲ್ಲದೆ ಎರಡು ಸಲಹೆ ಕಡತದಲ್ಲಿ ಕೊಳೆತರೆ ಮೂರನೆಯದು ಬರುವುದಿಲ್ಲ.

ಕೆಲಸ ನಿಲ್ಲಿಸುವ ಹಕ್ಕನ್ನು ಬಾಯಿಮಾತಿಗೆ ಬಿಡಬೇಡಿ. ದೊಡ್ಡ ಕೈಗಾರಿಕಾ ಅಪಘಾತಗಳನ್ನು ತಡೆಯಲೆಂದು 1993ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅಂಗೀಕರಿಸಿದ 174ನೆಯ ಒಪ್ಪಂದ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ದೊಡ್ಡ ಅಪಘಾತ ಸನ್ನಿಹಿತವಾಗಿದೆ ಎಂದು ನಂಬಲು ಸಕಾರಣವಿದ್ದರೆ ಕಾರ್ಮಿಕರು ತಮ್ಮ ಕೆಲಸದ ವ್ಯಾಪ್ತಿಯಲ್ಲಿ ಸರಿಪಡಿಸುವ ಕ್ರಮ ಕೈಗೊಳ್ಳಬಹುದು, ಬೇಕಾದರೆ ಚಟುವಟಿಕೆಯನ್ನೇ ನಿಲ್ಲಿಸಬಹುದು, ಅದಕ್ಕಾಗಿ ಅವರಿಗೆ ಯಾವ ತೊಂದರೆಯೂ ಆಗಬಾರದು. ಯಾರಾದರೂ ನಿಲ್ಲಿಸಿ, ಕೊನೆಗೆ ಅಪಾಯವಿರಲಿಲ್ಲ ಎಂದು ಗೊತ್ತಾದ ದಿನ ಆ ಪಾಳಿಯ ಮುಂದೆಯೇ ಅವರಿಗೆ ಧನ್ಯವಾದ ಹೇಳಿ. ಎಲ್ಲರೂ ಗಮನಿಸುವುದು ಆ ದಿನವನ್ನು.

ಪ್ರಗತಿ ಅಳೆಯಲು ‘ಅಪಘಾತವಿಲ್ಲದ ದಿನಗಳು’ ಎಂಬ ಫಲಕವನ್ನು ನಂಬಬೇಡಿ, ಅದು ಸಣ್ಣ ಪೆಟ್ಟುಗಳನ್ನು ಮುಚ್ಚಿಡುವುದನ್ನು ಕಲಿಸುತ್ತದೆ. ಎಷ್ಟು ಸಲಹೆಗಳಿಗೆ ಸಮಯಕ್ಕೆ ಉತ್ತರ ಹೋಯಿತು, ಕೂದಲೆಳೆಯಲ್ಲಿ ತಪ್ಪಿದ ಎಷ್ಟು ಘಟನೆಗಳು ವರದಿಯಾದವು, ಗುತ್ತಿಗೆ ಕಾರ್ಮಿಕರಿಂದ ಬಂದವು ಎಷ್ಟು, ನಡೆದು ನೋಡಿದಾಗ ಕಾಗದಕ್ಕೂ ಕೆಲಸಕ್ಕೂ ಎಷ್ಟು ಕಡೆ ತಾಳೆಯಾಗಲಿಲ್ಲ ಎಂಬುದನ್ನು ಲೆಕ್ಕ ಇಡಿ. ಮೊದಲ ವರ್ಷ ವರದಿಗಳು ಹೆಚ್ಚಾದರೆ ಗಾಬರಿಯಾಗಬೇಡಿ, ಇಷ್ಟು ದಿನ ಇದ್ದದ್ದೇ ಈಗ ಬಾಯಿಗೆ ಬರುತ್ತಿದೆ. ಗುತ್ತಿಗೆ ಕಾರ್ಮಿಕರಿಂದ ಒಂದೂ ಬರದಿದ್ದರೆ ಮಾತ್ರ ಅವರ ಬಳಿಗೆ ನೀವೇ ಹೋಗಿ.

ವರ್ಷ ತುಂಬಿದ ಮೇಲೆ ಅದೇ ಮೂರು ಕೆಲಸಗಳನ್ನು ಮತ್ತೆ ನಡೆದು ನೋಡಿ, ಈ ಬಾರಿ ರಾತ್ರಿ ಪಾಳಿಯಲ್ಲಿ, ತಿಳಿಸದೆ ಅಲ್ಲ, ತಿಳಿಸಿಯೇ. ಫಿಲ್ಟರ್ ಬಳಿ ನಾವು ಹಾಗೆ ಹೋದಾಗ ಹೊಸ ಗೇಜ್ ಕತ್ತಲಲ್ಲಿ ಕಾಣುತ್ತಿರಲಿಲ್ಲ. ಕಿರಿಯ ಆಪರೇಟರ್ ಒಬ್ಬರು ಹೆಲ್ಮೆಟ್ ದೀಪವನ್ನು ಅದರತ್ತ ತಿರುಗಿಸಿ ಓದುತ್ತಿದ್ದರು. ಕೆಂಪು ಪೆನ್ನಿನಿಂದ ಒಂಬತ್ತನೆಯ ಹಂತದ ಪಕ್ಕದಲ್ಲಿ ‘ಇಲ್ಲಿ ದೀಪ ಬೇಕು’ ಎಂದು ಅವರು ಆಗಲೇ ಬರೆದಿದ್ದರು.